ಹರಕೆಯ ಜೊತೆ ತಕ್ಕಡಿಯನ್ನೂ ಒಯ್ಯೋಣ



ಸೆಪ್ಟೆಂಬರ್ ಬಂತೆಂದರೆ ನಮ್ಮ ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಹರಿಹರದ ಮಾತೇ ಮಾತು. ಆ ತಿಂಗಳ 8ರಂದು ಮಾತೆ ಮರಿಯಮ್ಮನವರ ಜನನೋತ್ಸವ. ತುಂಗಭದ್ರೆಯ ದಡದ ಆ ಊರಿನ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ಜನ ಹರಿದು ಬರುತ್ತಾರೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಿಂದ ಹೊರಟರೆ ದಾರಿ ಸುಮಾರು 14 ಕಿ.ಮೀ. ಅಷ್ಟೆ. ಆ ದಾರಿಯಲ್ಲಿ ನಮ್ಮವರು ಮಾತ್ರ ಇರುವುದಿಲ್ಲ. ಹಣೆಗೆ ವಿಭೂತಿ ಹಚ್ಚಿದ ಅಜ್ಜಿ, ಬುರ್ಖಾ ತೊಟ್ಟ ತಾಯಿ, ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡ ರೈತ, ಎಲ್ಲರೂ ಅದೇ ಅಮ್ಮನ ಮುಂದೆ ಕೈಮುಗಿದು ನಿಲ್ಲುತ್ತಾರೆ.

ಇದನ್ನು ಕಂಡ ಮಕ್ಕಳು ಮನೆಗೆ ಬಂದು ಕೇಳುತ್ತಾರೆ: “ಎಲ್ಲರೂ ಇಲ್ಲಿಗೆ ಬರ್ತಾರಲ್ಲಮ್ಮ, ಹಾಗಾದ್ರೆ ಎಲ್ಲ ದೇವರೂ ಒಂದೇನಾ?” ಕಾಲೇಜಿಗೆ ಹೋಗುವ ಮಕ್ಕಳ ಪ್ರಶ್ನೆ ಇನ್ನೂ ಚೂಪು: “ಮಗುವನ್ನು ಎತ್ತಿಕೊಂಡ ತಾಯಿಯ ಚಿತ್ರ ನಮ್ಮದೇ ಅಲ್ಲವಂತೆ ಅಪ್ಪಾ, ಈಜಿಪ್ಟಿನ ಐಸಿಸ್ ದೇವಿಯದಂತೆ. ನಿಜವಾ?” ಇಂಥ ಹೊತ್ತಿನಲ್ಲಿ ಎಷ್ಟೋ ಹೆತ್ತವರು “ಸುಮ್ನೆ ಪ್ರಾರ್ಥನೆ ಮಾಡು” ಎಂದು ಬಾಯಿ ಮುಚ್ಚಿಸುತ್ತಾರೆ. ಅದು ಉತ್ತರವಲ್ಲ. ಪ್ರಶ್ನೆಗೆ ಹೆದರುವ ವಿಶ್ವಾಸವನ್ನು ಮಕ್ಕಳು ಬಹುಕಾಲ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಆ ಹಳೆಯ ಈಜಿಪ್ಟಿನ ಕಥೆಯನ್ನೇ ಒಮ್ಮೆ ನೋಡೋಣ. ಅದು ನಮ್ಮ ಹರಕೆಗಳ ಬಗ್ಗೆಯೂ ಒಂದೆರಡು ಮಾತು ಹೇಳುತ್ತದೆ.

ಈಜಿಪ್ಟ್ ನಮಗೆ ಅಷ್ಟು ದೂರವಲ್ಲ

ದಾವಣಗೆರೆಯಿಂದ ಸುಮಾರು 60 ಕಿ.ಮೀ. ದೂರದ ಚಿತ್ರದುರ್ಗದ ಪಕ್ಕದಲ್ಲಿ ಚಂದ್ರವಳ್ಳಿ ಇದೆ. ಅಲ್ಲಿ ಭೂಮಿ ಅಗೆದಾಗ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅವುಗಳಲ್ಲಿ ಚಕ್ರವರ್ತಿ ತಿಬೇರಿಯನ ನಾಣ್ಯವೂ ಇದೆ. ಯೇಸುಸ್ವಾಮಿ ಬೋಧಿಸಿದ್ದೂ ಶಿಲುಬೆಗೇರಿದ್ದೂ ಇದೇ ತಿಬೇರಿಯನ ಕಾಲದಲ್ಲಿ. ರೋಮಿನ ಹಣ ನಮ್ಮ ನಾಡಿಗೆ ಬಂದದ್ದು ಹೆಚ್ಚಾಗಿ ಈಜಿಪ್ಟಿನ ಹಾದಿಯಲ್ಲಿ. ಕೆಂಪು ಸಮುದ್ರದ ಬಂದರುಗಳಿಂದ ಹೊರಟ ಹಡಗುಗಳು ಮುಂಗಾರು ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಮೆಣಸು, ಬಟ್ಟೆ, ಹರಳುಗಳನ್ನು ತುಂಬಿಕೊಂಡು ಹಿಂದಿರುಗುತ್ತಿದ್ದವು.

ಹಡಗಿನಲ್ಲಿ ಸರಕು ಮಾತ್ರ ಹೋಗುವುದಿಲ್ಲ, ದೇವರುಗಳೂ ಹೋಗುತ್ತಾರೆ. ಕೆಂಪು ಸಮುದ್ರದ ದಡದ ಬೆರೆನಿಕೆ ಎಂಬ ಬಂದರಿನಲ್ಲಿ ಐಸಿಸ್ ದೇವಿಯ ಗುಡಿಯಿತ್ತು. 2022ರಲ್ಲಿ ಆ ಗುಡಿಯ ಅಂಗಳದಲ್ಲಿ ಬುದ್ಧನ ಒಂದು ಶಿಲ್ಪ ಸಿಕ್ಕಿತು. ಅಲ್ಲಿಯೇ ಕ್ರಿ.ಶ. 3ನೇ ಶತಮಾನದ ಒಂದು ಸಂಸ್ಕೃತ ಶಾಸನವೂ ದೊರೆತಿದೆ. ಹೊಟ್ಟೆಪಾಡಿಗಾಗಿ ಕಡಲು ದಾಟಿದ ನಮ್ಮ ದೇಶದವರು ಪರದೇಶದ ಗುಡಿಯ ಮೂಲೆಯಲ್ಲಿ ತಮ್ಮ ಭಕ್ತಿಗೂ ಒಂದಿಷ್ಟು ಜಾಗ ಕಂಡುಕೊಂಡಿದ್ದರು.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ಗುಡ್ಡೆಗಳಲ್ಲಿ ಸಾವಿರಾರು ಹಳೆಯ ಕಾಗದಪತ್ರಗಳು ಸಿಕ್ಕಿವೆ. ಕನ್ನಡ ಮಾತುಗಳಿವೆಯೆಂದು ಮಂಜೇಶ್ವರದ ಗೋವಿಂದ ಪೈಗಳಂಥ ವಿದ್ವಾಂಸರು ಚರ್ಚಿಸಿದ ಗ್ರೀಕ್ ಪ್ರಹಸನ ದೊರೆತದ್ದು ಅಲ್ಲಿಯೇ. ಅದೇ ರಾಶಿಯಲ್ಲಿ ಐಸಿಸ್ ದೇವಿಯ ಒಂದು ನಾಮಾವಳಿಯೂ ಇತ್ತು. ಯಾವ ಯಾವ ಊರಿನಲ್ಲಿ ಆಕೆಯನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದರ ಉದ್ದನೆಯ ಪಟ್ಟಿ ಅದು. ಭಾರತೀಯರಲ್ಲಿ ಆಕೆಯ ಹೆಸರು ‘ಮೈಯಾ’ ಎಂದು ಅದರಲ್ಲಿ ಬರೆದಿದೆ. ಊರು ಯಾವುದಾದರೇನು, ಅಲ್ಲಿನ ದೇವಿಯೆಲ್ಲ ನಮ್ಮವಳೇ ಎಂಬ ಹಿಗ್ಗು ಆ ಭಕ್ತನದು. “ಎಲ್ಲ ದೇವರೂ ಒಂದೇ” ಎಂಬ ಮಾತು ನಮ್ಮ ಮಕ್ಕಳು ಇಂದು ಕಂಡುಹಿಡಿದದ್ದಲ್ಲ. ಅದಕ್ಕೆ ಕನಿಷ್ಠ 1,900 ವರ್ಷಗಳ ವಯಸ್ಸಾಗಿದೆ.

ಹೃದಯವನ್ನು ತೂಗುವ ತಕ್ಕಡಿ

ಈ ದೇವಿಯ ತವರಿನಲ್ಲಿ ಜನ ಏನು ನಂಬಿದ್ದರು? ಒಸಿರಿಸ್ ಎಂಬ ರಾಜನನ್ನು ಅವನ ತಮ್ಮನೇ ಕೊಂದ. ಹೆಂಡತಿ ಐಸಿಸ್ ಅಳುತ್ತಾ ಅಲೆದು ಅವನ ದೇಹವನ್ನು ಹುಡುಕಿದಳು, ಜೀವ ಬರಿಸಿದಳು, ಮಗ ಹೋರಸನನ್ನು ಹೆತ್ತು ಶತ್ರುವಿನ ಕಣ್ಣಿಗೆ ಬೀಳದಂತೆ ಸಾಕಿದಳು. ಒಸಿರಿಸ್ ಸತ್ತವರ ಲೋಕದ ಒಡೆಯನಾದ. ಸತ್ತ ಪ್ರತಿಯೊಬ್ಬನೂ ಅವನ ಮುಂದೆ ನಿಲ್ಲಲೇಬೇಕು.

ಅಲ್ಲಿ ಒಂದು ತಕ್ಕಡಿ ಇರುತ್ತದೆ. ಒಂದು ತಟ್ಟೆಯಲ್ಲಿ ಸತ್ತವನ ಹೃದಯ, ಇನ್ನೊಂದರಲ್ಲಿ ಒಂದು ಗರಿ. ಆ ಗರಿ ‘ಮಾಅತ್’, ಅಂದರೆ ಸತ್ಯ, ನ್ಯಾಯ. ಹೃದಯ ಪಾಪದಿಂದ ಭಾರವಾಗಿದ್ದರೆ ಮೊಸಳೆಯ ತಲೆಯ ಒಂದು ಮೃಗ ಅದನ್ನು ನುಂಗಿಬಿಡುತ್ತದೆ. 42 ಮಂದಿ ನ್ಯಾಯಾಧೀಶರ ಎದುರು ಸತ್ತವನು ತಾನು ಮಾಡದ ತಪ್ಪುಗಳನ್ನು ಒಂದೊಂದಾಗಿ ಹೇಳಬೇಕು: ತೂಕದ ಕಲ್ಲಿನಲ್ಲಿ ಮೋಸ ಮಾಡಲಿಲ್ಲವೆಂದು, ಹರಿಯುವ ಕಾಲದಲ್ಲಿ ನೀರನ್ನು ತಡೆದು ತಿರುಗಿಸಲಿಲ್ಲವೆಂದು, ಮಕ್ಕಳ ಬಾಯಿಂದ ಹಾಲು ಕಸಿಯಲಿಲ್ಲವೆಂದು. ಆಮೇಲೆ ತಾನು ಮಾಡಿದ್ದನ್ನೂ ಹೇಳುತ್ತಾನೆ: ಹಸಿದವನಿಗೆ ರೊಟ್ಟಿ ಕೊಟ್ಟೆನೆಂದು, ಬಾಯಾರಿದವನಿಗೆ ನೀರು, ಬಟ್ಟೆಯಿಲ್ಲದವನಿಗೆ ಬಟ್ಟೆ, ದೋಣಿಯಿಲ್ಲದವನಿಗೆ ದೋಣಿ ಕೊಟ್ಟೆನೆಂದು.

ಓದುಗರೇ, ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯ ನೆನಪಿಗೆ ಬರುತ್ತದಲ್ಲವೆ? ಯೇಸುಸ್ವಾಮಿ ಅಂತಿಮ ತೀರ್ಪಿನ ಚಿತ್ರ ಕೊಡುವುದಕ್ಕೆ ಸಾವಿರ ವರ್ಷಗಳಿಗೂ ಹಿಂದೆ ನೈಲ್ ನದಿಯ ದಡದ ಜನರಿಗೆ ಇಷ್ಟು ತಿಳಿದಿತ್ತು: ದೇವರು ಕೇಳುವುದು ಹಸಿದವನ ಲೆಕ್ಕವನ್ನು. ಇದರಿಂದ ನಮ್ಮ ವಿಶ್ವಾಸಕ್ಕೆ ಕುಂದಿಲ್ಲ. ಮೋಶೆ ಈಜಿಪ್ಟಿನ ಸಕಲ ವಿದ್ಯೆಗಳಲ್ಲಿ ಪಳಗಿದ್ದನೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರ ತನ್ನ ಘೋಷಣೆಯಲ್ಲಿ, ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಸಾರಿತು. ಮನುಷ್ಯರ ಮನಸ್ಸಾಕ್ಷಿಯನ್ನು ನಿರ್ಮಿಸಿದವರು ದೇವರೇ. ಆ ಮನಸ್ಸಾಕ್ಷಿ ಎಲ್ಲಿ ಸರಿಯಾಗಿ ಮಾತಾಡಿದರೂ ನಾವು ಸಂತೋಷಪಡಬೇಕು.

ಕಡಲು ದಾಟಿದ ದೇವಿ

ಈ ಧರ್ಮ ಗ್ರೀಕರಿಗೂ ರೋಮನ್ನರಿಗೂ ಹಬ್ಬಿದ್ದು ಹೆಚ್ಚಾಗಿ ವ್ಯಾಪಾರಿಗಳಿಂದ, ನಾವಿಕರಿಂದ, ದಾಸರಿಂದ. ಕ್ರಿ.ಪೂ. 333ರ ಹೊತ್ತಿಗಾಗಲೇ ಅಥೆನ್ಸ್ ನಗರದ ಬಂದರಿನಲ್ಲಿ ಈಜಿಪ್ಟಿನವರಿಗೆ ಐಸಿಸ್ ಗುಡಿ ಕಟ್ಟಲು ಅನುಮತಿ ಸಿಕ್ಕಿತ್ತು. ಅಲೆಕ್ಸಾಂಡರನ ನಂತರ ಈಜಿಪ್ಟನ್ನು ಆಳಿದ ಗ್ರೀಕ್ ದೊರೆ ಮೊದಲನೆಯ ಟಾಲೆಮಿ ಸೆರಾಪಿಸ್ ಎಂಬ ದೇವರ ಪೂಜೆಯನ್ನು ಬೆಳೆಸಿದ. ಹೆಸರು ಈಜಿಪ್ಟಿನ ಒಸಿರಿಸ್ ಮತ್ತು ಏಪಿಸ್ ಎಂಬೆರಡು ದೇವರುಗಳದು. ಗಡ್ಡ, ಮುಖ, ನಿಲುವು ಗ್ರೀಕರದು. ಎರಡು ಜನಾಂಗಗಳೂ ಒಂದೇ ಗುಡಿಗೆ ಬರಲಿ ಎಂಬ ಉದ್ದೇಶ ಅದರಲ್ಲಿ ಕಾಣುತ್ತದೆ. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಿಹರದ ಹೆಸರೇ ಹರಿ ಮತ್ತು ಹರ ಕೂಡಿದ್ದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಳಾಲ್ವ 1224ರ ಸುಮಾರಿಗೆ ಕಟ್ಟಿಸಿದ ಅಲ್ಲಿನ ಗುಡಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು ಒಂದೇ ಮೂರ್ತಿಯಾಗಿ ನಿಂತಿದ್ದಾರೆ. ಜಗಳವಾಡುವವರು ಒಂದಾಗಲಿ ಎಂಬ ಹಂಬಲ ಮನುಷ್ಯರಲ್ಲಿ ಬಹಳ ಹಳೆಯದು, ಅದು ಗೌರವಕ್ಕೆ ಯೋಗ್ಯವಾದದ್ದು.

ರೋಮಿನಲ್ಲಿ ಈ ದೇವಿಗೆ ಆರಂಭದಲ್ಲಿ ವಿರೋಧವಿತ್ತು. ಚಂದ್ರವಳ್ಳಿಯಲ್ಲಿ ನಾಣ್ಯ ಸಿಕ್ಕಿದ ಅದೇ ತಿಬೇರಿಯ ಆಕೆಯ ಗುಡಿಯನ್ನು ಕೆಡವಿಸಿ ವಿಗ್ರಹವನ್ನು ಟೈಬರ್ ನದಿಗೆ ಎಸೆಸಿದನೆಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆದರೂ ಭಕ್ತಿ ನಿಲ್ಲಲಿಲ್ಲ. ಮುಂದಿನ ಚಕ್ರವರ್ತಿಗಳೇ ಗುಡಿಗಳನ್ನು ಕಟ್ಟಿಸಿದರು. ಏಕೆ? ರೋಮಿನ ಹಳೆಯ ದೇವರುಗಳು ರಾಜ್ಯದ ದೇವರುಗಳು, ಯುದ್ಧ ಗೆಲ್ಲಿಸುವವರು. ಗಂಡನನ್ನು ಕಳೆದುಕೊಂಡು ಅತ್ತ, ಮಗುವನ್ನು ಬಚ್ಚಿಟ್ಟು ಸಾಕಿದ ಈ ತಾಯಿಗೆ ಮಾತ್ರ ಬಡವರ ಕಷ್ಟ ಗೊತ್ತಿತ್ತು. ಹಡಗಿನವನು ಬಿರುಗಾಳಿಯಲ್ಲಿ, ಹೆಣ್ಣುಮಗಳು ಹೆರಿಗೆಯಲ್ಲಿ, ರೋಗಿ ಹಾಸಿಗೆಯಲ್ಲಿ ಆಕೆಯನ್ನು ಕರೆಯಬಹುದಿತ್ತು. ಸತ್ತ ಮೇಲೂ ಬದುಕುಂಟು ಎಂಬ ಭರವಸೆ ಅಲ್ಲಿತ್ತು. ಆ ಜನರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ಅವರು ಹೊತ್ತು ತಂದ ಕಷ್ಟಗಳೇ ಇಂದು ಹರಿಹರಕ್ಕೂ ಬರುತ್ತವೆ.

ಏನು ಬಂತು, ಏನು ಹಿಂದುಳಿಯಿತು?

ಊರು ಬಿಟ್ಟು ಹೊರಟವನು ಹಗುರವಾದದ್ದನ್ನು ಮೊದಲು ಕಟ್ಟಿಕೊಳ್ಳುತ್ತಾನೆ. ಧರ್ಮದ ವಿಷಯದಲ್ಲೂ ಹಾಗೆಯೇ. ಐಸಿಸ್ ದೇವಿಯ ಮೂರ್ತಿ, ಗಿಲಕಿ, ನೈಲ್ ನದಿಯ ನೀರು, ಮೆರವಣಿಗೆ, ಬೋಳು ತಲೆಯ ಅರ್ಚಕರು, ಮಾರ್ಚ್ 5ರ ಹಡಗಿನ ಹಬ್ಬ ಎಲ್ಲವೂ ಇಟಲಿಗೆ ಬಂದವು. ಹೃದಯ ತೂಗುವ ತಕ್ಕಡಿ ಮಾತ್ರ ಅಷ್ಟು ಸುಲಭವಾಗಿ ಬರಲಿಲ್ಲ. ಪೂರ್ತಿ ಬರಲೇ ಇಲ್ಲವೆಂದರೆ ಅನ್ಯಾಯವಾದೀತು. ಏಷ್ಯಾ ಮೈನರಿನ ಕೀಮೆ ಎಂಬ ಊರಿನ ಗ್ರೀಕ್ ಶಾಸನವೊಂದರಲ್ಲಿ, ನ್ಯಾಯವನ್ನು ಬೆಳ್ಳಿಬಂಗಾರಕ್ಕಿಂತ ಬಲಶಾಲಿ ಮಾಡಿದವಳು ತಾನೆಂದು ದೇವಿ ಹೇಳಿಕೊಳ್ಳುತ್ತಾಳೆ. ಆದರೆ ಜನರ ನಡೆಯಲ್ಲಿ ಕಂಡದ್ದೇನು?

ಪೊಂಪೇ ನಗರದಲ್ಲಿ ಕ್ರಿ.ಶ. 62ರ ಭೂಕಂಪಕ್ಕೆ ಐಸಿಸ್ ಗುಡಿ ಬಿತ್ತು. ಅದನ್ನು ಮತ್ತೆ ಕಟ್ಟಿಸಿದವನು ಸೆಲ್ಸಿನಸ್ ಎಂಬ ಆರು ವರ್ಷದ ಹುಡುಗ ಎಂದು ಬಾಗಿಲ ಮೇಲಿನ ಫಲಕ ಹೇಳುತ್ತದೆ! ಅದಕ್ಕೆ ಪ್ರತಿಯಾಗಿ ನಗರಸಭೆ ಆ ಮಗುವನ್ನು ಶುಲ್ಕವಿಲ್ಲದೆ ತನ್ನ ಸದಸ್ಯನನ್ನಾಗಿ ಮಾಡಿಕೊಂಡಿತು. ಹಣ ಕೊಟ್ಟವನು ತಂದೆ; ಅವನು ದಾಸ್ಯದಿಂದ ಬಿಡುಗಡೆಗೊಂಡವನು, ತನಗೆ ಸಿಗದ ಸ್ಥಾನ ಮಗನಿಗೆ ಸಿಗಲೆಂದು ಹೀಗೆ ಮಾಡಿದನೆಂದು ವಿದ್ವಾಂಸರು ಹೇಳುತ್ತಾರೆ. ತಂದೆಯ ಕರುಳು ಅರ್ಥವಾಗುತ್ತದೆ. ಆದರೆ ಆ ಗುಡಿ ಯಾರಿಗಾಗಿ ಎದ್ದಿತು, ದೇವಿಗೋ ಮಗನ ಅಂತಸ್ತಿಗೋ?

ಕ್ರಿ.ಶ. 2ನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಮದೌರ ಎಂಬ ಊರಿನ ಅಪುಲೇಯಸ್ ಒಂದು ಕಥೆ ಬರೆದ. ಸಂತ ಅಗಸ್ಟೀನರು ಬಾಲ್ಯದಲ್ಲಿ ಓದಿದ್ದು ಅದೇ ಊರಿನಲ್ಲಿ. ಅಪುಲೇಯಸನ ಕಥಾನಾಯಕನನ್ನು ಐಸಿಸ್ ದೇವಿ ಕಷ್ಟದಿಂದ ಪಾರುಮಾಡುತ್ತಾಳೆ. ಅವನ ಕೃತಜ್ಞತೆ ನಿಜವಾದದ್ದು. ಆದರೆ ದೀಕ್ಷೆಯ ಖರ್ಚಿಗೆ ಅವನು ತನ್ನ ಬಟ್ಟೆಗಳನ್ನೇ ಮಾರಬೇಕಾಗುತ್ತದೆ. ಅದೇ ಶತಮಾನದ ರೋಮನ್ ಕವಿ ಜುವೆನಾಲ್ ಇನ್ನೂ ಕಟುವಾಗಿ ಅಣಕಿಸುತ್ತಾನೆ: ವ್ರತ ಕೆಡಿಸಿಕೊಂಡವರಿಗೂ ಒಸಿರಿಸ್ ಕ್ಷಮೆ ಕೊಡುತ್ತಾನಂತೆ, ಒಂದು ಕೊಬ್ಬಿದ ಬಾತುಕೋಳಿ ಮತ್ತು ಒಂದು ತುಂಡು ಕಡುಬು ಕೊಟ್ಟರೆ ಸಾಕಂತೆ. ಕವಿಯ ಮಾತಿನಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ನೋಡಿ, ತವರಿನಲ್ಲಿ ಹೃದಯವನ್ನು ತೂಗುತ್ತಿದ್ದ ದೇವರನ್ನು ಪರದೇಶದಲ್ಲಿ ಲಂಚಕ್ಕೆ ಒಲಿಯುವವನೆಂದು ನಗುವಂತಾಯಿತು.

ತಪ್ಪು ಪರದೇಶದ್ದು ಮಾತ್ರವೇ? ಅಲ್ಲ. ಈಜಿಪ್ಟಿನಲ್ಲೇ ಶ್ರೀಮಂತರು ಶವದ ಎದೆಯ ಮೇಲೆ ಜೀರುಂಡೆಯ ಆಕಾರದ ಒಂದು ಕಲ್ಲನ್ನಿಡುತ್ತಿದ್ದರು. ಅದರ ಮೇಲೆ ಒಂದು ಮಂತ್ರ ಕೆತ್ತಿರುತ್ತಿತ್ತು. ತೀರ್ಪಿನ ಹೊತ್ತಿನಲ್ಲಿ ನನ್ನ ವಿರುದ್ಧ ಸಾಕ್ಷಿ ಹೇಳಬೇಡ ಎಂದು ತನ್ನ ಹೃದಯವನ್ನೇ ಬೇಡಿಕೊಳ್ಳುವ ಮಂತ್ರ ಅದು. ಎಂಥ ಮಾತು! ಲೋಕಕ್ಕೆಲ್ಲ ಸುಳ್ಳು ಹೇಳಿದವನಿಗೂ ತನ್ನ ಹೃದಯಕ್ಕೆ ನಿಜ ಗೊತ್ತೆಂದು ಗೊತ್ತು. ಅದಕ್ಕೇ ಅದರ ಬಾಯಿ ಕಟ್ಟಬೇಕು.

ಮುಂದೆ 391ರ ಸುಮಾರಿಗೆ ಅಲೆಕ್ಸಾಂಡ್ರಿಯದ ಸೆರಾಪಿಸ್ ಗುಡಿಯನ್ನು ಕ್ರೈಸ್ತರ ಗುಂಪು ನೆಲಸಮ ಮಾಡಿತು. ಹೆಮ್ಮೆಪಡುವ ಸಂಗತಿ ಅದಲ್ಲ. ವಿಗ್ರಹ ಒಡೆದ ಮಾತ್ರಕ್ಕೆ ದೇವರೊಂದಿಗೆ ಚೌಕಾಸಿ ಮಾಡುವ ಮನಸ್ಸೇನೂ ಒಡೆಯಲಿಲ್ಲ. ಅದು ದೀಕ್ಷಾಸ್ನಾನ ಪಡೆದು ನಮ್ಮ ಜೊತೆಯಲ್ಲೇ ದೇವಾಲಯಕ್ಕೆ ಬಂದು ಕೂತಿತು.

ಮಕ್ಕಳಿಗೆ ಏನು ಹೇಳೋಣ?

ತಾಯಿ ಮಗುವಿನ ಚಿತ್ರ ಹೋಲುತ್ತದೆಯೆ? ಹೌದು, ಹೋಲುತ್ತದೆ. ಹೋರಸನಿಗೆ ಹಾಲೂಡಿಸುವ ಐಸಿಸಳ ಮೂರ್ತಿಗಳು ಬೇಕಾದಷ್ಟಿವೆ. ನಮ್ಮ ಚಿತ್ರಕಾರರು ಅದರಿಂದ ಎಷ್ಟು ಪಡೆದರೆಂದು ವಿದ್ವಾಂಸರು ಚರ್ಚಿಸಲಿ, ನಾವು ಹೆದರಬೇಕಿಲ್ಲ. ತಾಯಿ ಮಗುವನ್ನು ಎತ್ತಿಕೊಳ್ಳುವ ರೀತಿ ಲೋಕದಲ್ಲೆಲ್ಲ ಒಂದೇ. ಹೆರೋದನ ಕತ್ತಿಗೆ ಅಂಜಿ ಕೂಸನ್ನು ಎತ್ತಿಕೊಂಡು ಮರಿಯಮ್ಮನವರು ಓಡಿಹೋದದ್ದೂ ಅದೇ ಈಜಿಪ್ಟಿಗೆ.

ವ್ಯತ್ಯಾಸ ಚಿತ್ರದಲ್ಲಿಲ್ಲ, ಆ ತಾಯಿಯ ಮಾತಿನಲ್ಲಿದೆ. ಐಸಿಸಳ ಶಾಸನಗಳಲ್ಲಿ ಸಾಲಿಗೊಮ್ಮೆ ‘ನಾನು’ ಬರುತ್ತದೆ: ಲೋಕವನ್ನು ನಡೆಸುವವಳು ನಾನು, ಕಡಲನ್ನು ಆಳುವವಳು ನಾನು. ನಜರೇತಿನ ಮರಿಯಮ್ಮ ಹಾಗೆ ಹೇಳಲಿಲ್ಲ. ತಾನು ಪ್ರಭುವಿನ ದಾಸಿ ಎಂದರು. ಕಾನಾ ಊರಿನ ಮದುವೆಯಲ್ಲಿ ಸೇವಕರಿಗೆ ತಮ್ಮ ಮಗನನ್ನು ತೋರಿಸಿ, ಆತ ಹೇಳಿದಂತೆ ಮಾಡಿರಿ ಎಂದಷ್ಟೇ ತಿಳಿಸಿದರು. 431ರ ಎಫೆಸ ಮಹಾಸಭೆ ಅವರನ್ನು ದೇವಮಾತೆ ಎಂದು ಕರೆದದ್ದು ಅವರನ್ನು ದೇವಿಯನ್ನಾಗಿ ಮಾಡಲಿಕ್ಕಲ್ಲ, ಅವರ ಮಗ ಯಾರೆಂದು ಸ್ಪಷ್ಟಪಡಿಸಲಿಕ್ಕೆ.

ಇನ್ನೊಂದು ವ್ಯತ್ಯಾಸ ಇನ್ನೂ ಆಳವಾದದ್ದು. ಈಜಿಪ್ಟಿನಲ್ಲಿ ಹಸಿದವನಿಗೆ ರೊಟ್ಟಿ ಕೊಟ್ಟದ್ದು ಒಂದು ಸತ್ಕಾರ್ಯವಾಗಿ ಲೆಕ್ಕಕ್ಕೆ ಬರುತ್ತಿತ್ತು. ಶುಭಸಂದೇಶದಲ್ಲಿ ಹಸಿದವನೇ ನ್ಯಾಯಾಧೀಶ. ಸಿಂಹಾಸನದ ಮೇಲೆ ಕೂತು ತೀರ್ಪು ಕೊಡುವವರು ನಿನ್ನೆ ನಮ್ಮ ಬಾಗಿಲಿಗೆ ಬಂದು ಬರಿಗೈಯಲ್ಲಿ ಹೋದವರೇ. ಅಷ್ಟೇ ಅಲ್ಲ, ತೀರ್ಪಿಗೆ ಮೊದಲೇ ಕ್ಷಮೆಯ ಬಾಗಿಲೂ ತೆರೆದಿದೆ. ಜೀರುಂಡೆಯ ಕಲ್ಲು ಹೃದಯಕ್ಕೆ ಸುಮ್ಮನಿರು ಎಂದಿತು. ಪಾಪನಿವೇದನೆ ಹೃದಯಕ್ಕೆ ಮಾತಾಡು ಎನ್ನುತ್ತದೆ. ಭಾರವಾದ ಹೃದಯವನ್ನು ನುಂಗಲು ಅಲ್ಲಿ ಮೃಗವಿಲ್ಲ, ಆ ಭಾರವನ್ನು ತಾನೇ ಹೊತ್ತವನಿದ್ದಾನೆ.

ಆದ್ದರಿಂದ ಮಕ್ಕಳಿಗೆ ಹೀಗೆ ಹೇಳಬಹುದು: “ಮಗಾ, ಎಲ್ಲ ಹೆಸರುಗಳೂ ಒಂದೇ ಅಲ್ಲ. ನಾವು ನಂಬಿದವರ ಹೆಸರು ಯೇಸು. ಆದರೆ ಇಲ್ಲಿಗೆ ಬರುವವರೆಲ್ಲರ ಕಣ್ಣೀರು ಒಂದೇ, ದೇವರು ಎಲ್ಲರಿಂದ ಕೇಳುವ ನ್ಯಾಯವೂ ಒಂದೇ. ಬೇರೆಯವರ ಭಕ್ತಿಯನ್ನು ಹೀಗಳೆಯಬೇಡ, ನಿನ್ನದನ್ನು ಅಗ್ಗ ಮಾಡಬೇಡ.”

ನಮ್ಮ ಹರಕೆಗಳು

ಆದರೆ ಮಕ್ಕಳು ನಮ್ಮ ಉತ್ತರಕ್ಕಿಂತ ನಮ್ಮ ನಡೆಯನ್ನು ನೋಡುತ್ತಾರೆ. ಹರಕೆ ಕೆಟ್ಟದ್ದಲ್ಲ. ಕಾಯಿಲೆಯ ಮಗುವಿಗಾಗಿ ತಾಯಿ ಹೊತ್ತ ಹರಕೆಯನ್ನು ಯಾವ ಪಂಡಿತನೂ ಟೀಕಿಸಬೇಕಿಲ್ಲ. ಆದರೆ ಹರಕೆಯೇ ಜೀರುಂಡೆಯ ಕಲ್ಲಾಗಬಾರದು. ಹೃದಯ ಹೇಳಬೇಕಾದ ಮಾತನ್ನು ಮುಚ್ಚಲು ಮೇಣದ ಬತ್ತಿ ಹಚ್ಚಬಾರದು.

ಹಬ್ಬಕ್ಕೆ ಹೊರಡುವ ಹಿಂದಿನ ಸಂಜೆ, ಜಪಸರ ಮುಗಿದ ಮೇಲೆ, ಮನೆಯವರೆಲ್ಲ ಕೂತು ಆ ಹಳೆಯ ಈಜಿಪ್ಟಿನವನ ಮೂರು ಮಾತುಗಳನ್ನೇ ನಮಗೆ ನಾವು ಕೇಳಿಕೊಳ್ಳೋಣ. ತೂಕದ ಕಲ್ಲು ಸರಿಯಿದೆಯೆ? ಅಂಗಡಿಯಲ್ಲಿ, ಮಂಡಕ್ಕಿ ಭಟ್ಟಿಯಲ್ಲಿ, ಮನೆಗೆಲಸಕ್ಕೆ ಬರುವವರ ಸಂಬಳದಲ್ಲಿ ನಾವು ಯಾರಿಗಾದರೂ ಕಡಿಮೆ ಕೊಟ್ಟಿದ್ದೇವೆಯೆ? ನೀರನ್ನು ತಡೆದಿದ್ದೇವೆಯೆ? ಭದ್ರಾ ನಾಲೆಯ ಕೊನೆಭಾಗದ ರೈತನ ಗದ್ದೆ ಒಣಗುತ್ತಿರುವಾಗ ಮೇಲಿನ ಗದ್ದೆಯವರು ಕ್ರೈಸ್ತರಾದರೇನು, ಮತ್ತೊಬ್ಬರಾದರೇನು, ಈ ಪ್ರಶ್ನೆ ಒಂದೇ. ಮಗುವಿನ ಬಾಯಿಂದ ಹಾಲು ಕಸಿದಿದ್ದೇವೆಯೆ? ಕುಡಿತಕ್ಕೆ, ಚೀಟಿಗೆ, ಆಡಂಬರದ ಹಬ್ಬದೂಟಕ್ಕೆ ಹೋದ ಹಣ ಯಾವ ಮಗುವಿನ ಶಾಲೆಯ ಶುಲ್ಕವಾಗಿತ್ತು?

ಉತ್ತರ ಕಷ್ಟವಾದರೆ ಜಕ್ಕಾಯನನ್ನು ನೆನೆಯೋಣ. ಯೇಸು ಅವನ ಮನೆಗೆ ಬಂದಾಗ ಅವನು ಹೊಸ ಹರಕೆಯೊಂದನ್ನು ಹೊತ್ತುಕೊಳ್ಳಲಿಲ್ಲ; ಯಾರಿಂದ ಮೋಸದಿಂದ ಪಡೆದಿದ್ದನೋ ಅವರಿಗೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳಿದ. ಕೊಡಬೇಕಾದ್ದನ್ನು ಕೊಟ್ಟು, ಗುರುಗಳ ಬಳಿ ಪಾಪನಿವೇದನೆ ಮಾಡಿ, ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿ, ಆಮೇಲೆ ಮೇಣದ ಬತ್ತಿ ಹಚ್ಚೋಣ.

ನಮ್ಮ ಮನೆಗಳಿಂದಲೂ ಮಕ್ಕಳು ಬೆಂಗಳೂರಿಗೆ, ಗಲ್ಫಿಗೆ, ಇನ್ನೂ ದೂರಕ್ಕೆ ಹೊರಡುತ್ತಿದ್ದಾರೆ. ಪೆಟ್ಟಿಗೆಯಲ್ಲಿ ಆರೋಗ್ಯ ಮಾತೆಯ ಚಿತ್ರವನ್ನೂ ಜಪಸರವನ್ನೂ ಇಟ್ಟು ಕಳಿಸುತ್ತೇವೆ. ಒಳ್ಳೆಯದು. ಅದರ ಜೊತೆಗೆ, ಅಪ್ಪ ಬಡ್ಡಿಯ ವಿಷಯದಲ್ಲಿ ಹೇಗೆ ನಡೆದುಕೊಂಡರು, ಅಮ್ಮ ಕೆಲಸದವಳನ್ನು ಹೇಗೆ ಮಾತಾಡಿಸಿದಳು, ಅಜ್ಜಿಯ ತಟ್ಟೆಗೆ ಮೊದಲು ಬಡಿಸಿದರೋ ಕೊನೆಗೆ ಬಡಿಸಿದರೋ ಎಂಬುದೂ ಮಕ್ಕಳ ಮನಸ್ಸಿನಲ್ಲಿ ಹೋಗುತ್ತದೆ. ಚಿತ್ರವನ್ನು ಯಾವ ಊರಿನ ಗೋಡೆಗೂ ತೂಗುಹಾಕಬಹುದು. ತಕ್ಕಡಿಯನ್ನು ಮಾತ್ರ ಇಲ್ಲೇ, ನಮ್ಮ ಮನೆಯಲ್ಲೇ, ಅವರ ಕೈಗೆ ಕೊಟ್ಟು ಕಳಿಸಬೇಕು.